ಸಕ್ಕರೆ ಸೇರಿಸದ ಡಬ್ಬ

ಭಾನುವಾರ, ಹದಿನೇಳನೇ ತಾರೀಖು
ಲಾಂಡ್ರಿ ಮೇಲಿನ ರೂಮು

ಪ್ರೀತಿಯ ಅಪ್ಪಾ,

ಹೇಗಿದ್ದೀಯಾ? ಕಾಲಿನ ಜೋಮು ಕಡಿಮೆ ಆಯ್ತಾ? ಹೊಲಿಗೆ ಮಿಷನ್ ತುಳಿಯೋವಾಗ ಮಧ್ಯೆ ಮಧ್ಯೆ ಎದ್ದು ನಾಲ್ಕು ಹೆಜ್ಜೆ ಓಡಾಡು. ಫೋನಲ್ಲಿ ಕೂಗಿದ್ರೆ ನಿನಗೆ ಅರ್ಧ ಕೇಳಿಸಲ್ಲ, ಬೀದಿಗೆಲ್ಲ ಪೂರ್ತಿ ಕೇಳಿಸುತ್ತೆ. ಅದಕ್ಕೇ ನಾನು ಮಾತಾಡಿ, ರೆಕಾರ್ಡ್ ಮಾಡಿ ತಂಗಿಗೆ ಕಳಿಸ್ತೀನಿ, ಅವಳು ಬರೆದು ನಿನ್ನ ಕೈಗೆ ಕೊಡ್ತಾಳೆ. ಪುಟ್ಟಿ, ಹೇಳಿದ್ದನ್ನ ಹೇಳಿದ ಹಾಗೇ ಬರಿ, ನಿನ್ನ ಮೇಷ್ಟ್ರಗಿರಿ ತೋರಿಸಬೇಡ.

ನಿನ್ನೆ ಅವಳು ನಿನ್ನ ರಿಪೋರ್ಟಿನ ಫೋಟೋ ಕಳಿಸಿದ್ಲು. ಊಟ ಆದ ಮೇಲಿನ ಸಕ್ಕರೆ ಇನ್ನೂರ ತೊಂಬತ್ತು ಇದ್ದದ್ದು ನೂರ ಅರವತ್ತೈದಕ್ಕೆ ಇಳಿದಿದೆ. ಇಂಜೆಕ್ಷನ್ ಬೇಡ, ಮಾತ್ರೇನೇ ಸಾಕು ಅಂದ್ರಂತೆ ಡಾಕ್ಟರು. ಓದ್ತಾ ಓದ್ತಾ ಇಸ್ತ್ರಿ ಪೆಟ್ಟಿಗೆ ಎತ್ತಿಡೋದೇ ಮರೆತು ಯಾರದೋ ದಿಂಬಿನ ಕವರ್ ಕಂದು ಮಾಡಿಬಿಟ್ಟೆ. ಓನರಮ್ಮ ಬೈತಾ ಇದ್ರೆ ನಾನು ನಗ್ತಾ ನಿಂತಿದ್ದೆ. 'ತಲೆಗಿಲೆ ಕೆಟ್ಟಿದೆಯೇನೋ' ಅಂದ್ರು. ಕೆಟ್ಟಿತ್ತು ಅಪ್ಪಾ, ಮೂರು ವಾರದಿಂದ. ನಿನ್ನೆ ಸರಿಹೋಯ್ತು.

ಹೌದು, ಈಗ ಇಸ್ತ್ರಿ ಕೆಲಸ. ಇವನು ಮತ್ತೆ ಕೆಲಸ ಬಿಟ್ಟನಾ ಅಂತ ಹಣೆ ಚಚ್ಚಿಕೊಳ್ಳಬೇಡ, ಪೂರ್ತಿ ಕೇಳು. ಹಿಂದಿನ ಕೆಲಸದಲ್ಲಿ ಪೌಡರ್ ಡಬ್ಬಗಳಿಗೆ ಲೇಬಲ್ ಅಂಟಿಸ್ತಿದ್ದೆನಲ್ಲ, 'ಹನ್ನೆರಡು ಧಾನ್ಯಗಳ ಶಕ್ತಿ, ಸಕ್ಕರೆ ಸೇರಿಸಿಲ್ಲ' ಅಂತ. ನೆಗ್ಗಿದ ಡಬ್ಬಗಳನ್ನ ನಮಗೇ ಕೊಡ್ತಿದ್ರು. ಶುಗರ್ ಇರೋ ನಿನಗೆ ಇದಕ್ಕಿಂತ ಒಳ್ಳೇದು ಯಾವುದಿದೆ ಅಂತ ಆರು ಡಬ್ಬ ಕೂಡಿಟ್ಟು ಕಳಿಸಿದೆ. ಡಬ್ಬ ನೆಗ್ಗಿದ್ರೂ ಲೇಬಲ್ ಸೊಟ್ಟಗಿರಬಾರದು ಅಂತ ಹಳೇದು ಕಿತ್ತು ಹೊಸದು ಅಂಟಿಸಿದ್ದೆ. ನೀನೂ ಮಗ ಕಳಿಸಿದ್ದು ಅಂತ ಅಂಗಿ ಅಳತೆ ಕೊಡೋಕೆ ಬಂದವರಿಗೆಲ್ಲ ತೋರಿಸಿ, ದಿನಕ್ಕೆ ಎರಡು ಲೋಟ ಕುಡಿದೆ.

ಎರಡೇ ತಿಂಗಳಿಗೆ ಸಕ್ಕರೆ ಏರಿತು. ನೀನು ಪೆಪ್ಪರಮಿಂಟ್ ಬಚ್ಚಿಟ್ಟಿದ್ದೀಯ ಅಂತ ಅಮ್ಮ ಗುಂಡಿ ಡಬ್ಬಿಯನ್ನೇ ಚಾಪೆ ಮೇಲೆ ಸುರಿದು ಹುಡುಕಿದಳಂತೆ. ಗಿರಾಕಿಗಳ ಅಂಗಿ ಜೇಬನ್ನೂ ಬಿಡಲಿಲ್ಲವಂತೆ. ನೀನು 'ನಾನು ಮುಟ್ಟಿಲ್ಲ ಕಣೇ' ಅಂದ್ರೆ, 'ಹಾಗಾದ್ರೆ ಇರುವೆ ಹೊತ್ಕೊಂಡು ಬಂದು ನಿಮ್ಮ ರಕ್ತಕ್ಕೆ ಹಾಕಿತಾ' ಅಂದಳಂತೆ. ನಾನೂ ಇಲ್ಲಿಂದ ಫೋನ್ ಮಾಡಿ ಬಾಯಿಗೆ ಬಂದದ್ದು ಅಂದೆ. ಆಮೇಲೆ ನೀನು ರಾತ್ರಿ ಊಟಾನೇ ಬಿಟ್ಟು, ಅದರ ಬದಲು ಇನ್ನೊಂದು ಲೋಟ ಅದೇ ಪೌಡರ್ ಕುಡಿಯೋಕೆ ಶುರು ಮಾಡಿದೆ ಅಂತ ಪುಟ್ಟಿ ಹೇಳಿದಾಗ, ಭೇಷ್ ಅಂದವನೂ ನಾನೇ.

ಹೋದ ತಿಂಗಳು ಪೌಡರ್ ಬೆರೆಸೋ ಮೀಸೆಯಣ್ಣ ರಜ ಹಾಕಿದ್ದ, ನನ್ನನ್ನ ಒಳಗೆ ಕಳಿಸಿದ್ರು. ಬೆರಕೆಯ ಅಳತೆ ಗೋಡೆ ಮೇಲೇ ಬರೆದಿತ್ತು. ಧಾನ್ಯದ ಹಿಟ್ಟು ಒಂದು ಚೀಲ, ಬಿಳಿ ಪುಡಿ ಎಂಟು ಚೀಲ. ಹನ್ನೆರಡು ಧಾನ್ಯವೂ ಆ ಒಂದೇ ಚೀಲದಲ್ಲಿ ಮುದುರಿಕೊಂಡು ಕೂತಿದ್ವು. ಬಿಳಿ ಪುಡಿ ನೆಕ್ಕಿ ನೋಡಿದೆ, ಮೆಲ್ಲಗೆ ಸಿಹಿ. ಸೂಪರ್‌ವೈಸರ್‌ನ ಕೇಳಿದ್ರೆ, 'ಅದು ಜೋಳದ ಪಿಷ್ಟದಿಂದ ಮಾಡಿದ್ದಪ್ಪಾ. ಅಗ್ಗ, ಡಬ್ಬ ತುಂಬುತ್ತೆ. ಸಕ್ಕರೆಯಂತೂ ಅಲ್ಲವಲ್ಲ, ನಿನಗೇನು ಕಷ್ಟ' ಅಂದ. ಸಂಜೆ ಮೆಡಿಕಲ್ ಶಾಪಿನವರನ್ನ ಕೇಳಿದೆ. 'ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಸೇರುತ್ತೆ ರೀ. ಶುಗರ್ ಇದ್ದವರಿಗೆ ಇದನ್ನ ಯಾರು ಕೊಡ್ತಾರೆ' ಅಂದ್ರು. ಆರು ಡಬ್ಬ ಕೊಟ್ಟವನು ನಾನೇ. ಅಲ್ಲೇ ಬೀದಿಯಲ್ಲಿ ನಿಂತು ಪುಟ್ಟಿಗೆ ಫೋನ್ ಮಾಡಿದೆ. ಏನೂ ಕೇಳಬೇಡ, ಉಳಿದದ್ದೆಲ್ಲ ಬಚ್ಚಲಿಗೆ ಸುರಿ, ಯಾಕೆ ಅಂತ ಮನೆಯಲ್ಲಿ ಬಾಯಿ ಬಿಡಬೇಡ ಅಂದೆ. ಮಾರನೇ ದಿನ ಗೋಡೆಯ ಫೋಟೋ ತೆಗೆದು, ಒಂದು ಡಬ್ಬ ಹಿಡ್ಕೊಂಡು ಆಹಾರ ತಪಾಸಣೆ ಆಫೀಸಿಗೆ ಹೋಗಿ ಬರೆದುಕೊಟ್ಟೆ. ಅವರು ಬರೋಷ್ಟರಲ್ಲಿ ಗೋಡೆಗೆ ಸುಣ್ಣ ಬಳಿದ್ರೂ ಬಳಿಯಬಹುದು, ಆದ್ರೆ ಡಬ್ಬದೊಳಗಿನ ಪುಡಿಗೆ ಬಳಿಯೋಕಾಗಲ್ಲವಲ್ಲ. ಆ ಲೇಬಲ್ ಇನ್ನೊಂದು ಅಂಟಿಸೋಕೆ ಕೈ ಬರಲಿಲ್ಲ, ಕೆಲಸ ಬಿಟ್ಟೆ.

ಇನ್ನು ರಾತ್ರಿ ಹೊಟ್ಟೆ ಕಟ್ಟಬೇಡ, ಡಾಕ್ಟರು ಹೇಳಿದಷ್ಟು ಉಣ್ಣು. ಅಮ್ಮನಿಗೆ ನಮಸ್ಕಾರ. ಇಷ್ಟುದ್ದ ಬರೆದ ಪುಟ್ಟಿಯ ಬೆರಳಿಗೆ ನೀನೇ ಸ್ವಲ್ಪ ಎಣ್ಣೆ ತಿಕ್ಕು.

ನಿನ್ನ,
ಕಾಲು ನಿಲ್ಲದ ಮಗ

ವಿ.ಸೂ.: ಪುಟ್ಟಿ, ಪೆನ್ನು ಇಡಬೇಡ, ಇನ್ನೊಂದಿದೆ. ಅಪ್ಪಾ, ಅವತ್ತು ಫೋನಲ್ಲಿ 'ಈ ವಯಸ್ಸಲ್ಲಿ ಕದ್ದು ತಿಂದು ಮಕ್ಕಳ ಹತ್ರ ಸುಳ್ಳು ಬೇರೆ ಹೇಳ್ತೀಯಾ' ಅಂದೆ. ನೀನು ಫೋನ್ ಅಮ್ಮನ ಕೈಗೆ ಕೊಟ್ಟೆ. ನೀನು ಹೇಳಿದ್ದು ನಿಜ, ಮುಟ್ಟಿರಲಿಲ್ಲ. ತಪ್ಪಾಯ್ತು ಅಪ್ಪಾ. ಈ ಮಾತು ಹೇಳೋಕೇ ಕೂತವನು ಇಲ್ಲೀವರೆಗೂ ಸುತ್ತು ಹೊಡೆದೆ. ತಾನು ಕಾವಲು ಕಾದದ್ದಕ್ಕೇ ಸಕ್ಕರೆ ಇಳಿಯಿತು ಅಂತ ಅಮ್ಮ ಮನೆಮನೆಗೂ ಹೇಳ್ಕೊಂಡು ಬರ್ತಿದ್ದಾಳಂತಲ್ಲ. ಪುಟ್ಟಿ, ಮೊದಲು ಅವಳನ್ನ ಕೂರಿಸಿ ಇದಿಷ್ಟನ್ನೂ ಓದು. ಅಪ್ಪ ಎದುರಿಗೇ ಇರಲಿ.