ನೆಟ್ಟಗೆ ಓಡಿದ ಕಾರು

ತಿರ್ಲಾಪುರ
ಮಾರ್ಚ್ ೧೯೭೯

ಅಣ್ಣಾ,

ನೀನು ಮುಂಬಯಿಯಿಂದ ತಂದಿದ್ದ, ದೂರದಿಂದಲೇ ಗುಂಡಿ ಒತ್ತಿ ಓಡಿಸುವ ರೇಡಿಯೋ ಕಾರನ್ನು ಇವತ್ತು ಅಪ್ಪ ತಾನಾಗಿಯೇ ಪೆಟ್ಟಿಗೆಯಿಂದ ತೆಗೆದ. ನೀನು ತೀರಿಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. "ಇಷ್ಟ ದೊಡ್ಡಾಂವ ಆಗಿ ಆಟಿಗಿ ಸಾಮಾನು ಬೇಕೇನಲೇ?" ಎಂದು ನಿನ್ನನ್ನು ಬೈದವನು ಇವನೇ.

ಜೋರಾಗಿ ಬಿಟ್ಟರೆ ಅದು ಎಡಕ್ಕೆ ಎಳೆದು ಮಗುಚಿಬೀಳುತ್ತಿತ್ತಲ್ಲ, ಸರಿಮಾಡುವಷ್ಟರಲ್ಲಿ ನಿನ್ನ ರಜೆ ಮುಗಿದಿತ್ತು. ಅಪ್ಪ ಒಂದು ಕಣ್ಣು ಮುಚ್ಚಿ, ಬಂಡಿಯ ಗಾಲಿ ನೋಡುವಂತೆ ಅದರ ಮುಂದಿನ ಗಾಲಿಗಳನ್ನು ನೋಡಿದ. ಅವನು ಹೇಳಿದಷ್ಟು ನಾನು ಸ್ಕ್ರೂ ತಿರುಗಿಸಿದೆ. ಮೂತಿ ಮೇಲೇಳದಂತೆ ಮುಂದೆ ಒಂದು ಸೀಸದ ತುಂಡು ಕಟ್ಟಿದೆವು. ರಾಶಿ ಮುಗಿದ ಕಣ ಇನ್ನೂ ನುಣ್ಣಗಿತ್ತು. ಗುಂಡಿಯನ್ನು ಪೂರ್ತಿ ಒತ್ತಿದೆ. ಕಾರು ಗೆರೆ ಎಳೆದಂತೆ ಓಡಿತು.

"ಅಪ್ಪಾ, ನಿಲ್ಲಸಲೇನು?" ಎಂದೆ.

"ಬ್ಯಾಡವಾ, ಹೋಗಲಿ ಬಿಡು" ಎಂದ.

ಕಣ ದಾಟಿ, ಎರೆಹೊಲದ ಹೆಂಟೆಗಳಲ್ಲಿ ಸಿಕ್ಕಿ ನಿಂತಿತು. ಅಪ್ಪ ಅದನ್ನು ಎತ್ತಿಕೊಂಡು ಬಂದು ಗಾಲಿಯ ಮಣ್ಣನ್ನು ಧೋತರದಿಂದ ಒರೆಸಿದ. ಆಮೇಲೆ, "ನೆಟ್ಟಗ ಓಡಿತು ಅಂತ ನಿಮ್ಮಣ್ಣಗ ಒಂದು ಕಾಗದಾ ಬರಿಯವಾ" ಎಂದ.

ಹೂಂ ಅಂದೆ.

ನಿನ್ನ ತಂಗಿ,
ಶಿವಗಂಗವ್ವ