ಕಲ್ಲುಗಣಿಯ ಬಳಿ ಎಡಕ್ಕೆ

ಬುಧವಾರ ಬೆಳಗ್ಗೆ,
ಅಂಗಡಿಯ ಕಟಿಂಗ್ ಮೇಜಿನಿಂದ

ಮೇಷ್ಟ್ರಿಗೆ ನಮಸ್ಕಾರ,

ನಿಮ್ಮ ಕ್ಷೇಮ ಸಮಾಚಾರ ಮಗಳಿಂದ ತಿಳಿಯುತ್ತಲೇ ಇದೆ, ಅದನ್ನು ಕೇಳಿ ಕಾಗದ ಹಾಳು ಮಾಡುವುದಿಲ್ಲ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಮ್ಯಾಪಿನ ಟಿಪ್ಪಣಿಯಲ್ಲಿ ಬರೆದರೆ ಒಂದೇ ಸಾಲಿನಲ್ಲಿ ನನ್ನ ಬಾಯಿ ಮುಚ್ಚಿಸುತ್ತೀರಿ. ಉಳಿದದ್ದು ಅಂಚೆ. ಎರಡು ಪ್ಯಾಂಟು, ಒಂದು ಕೋಟು ಇವತ್ತೇ ಹೊಲಿದು ಕೊಡಬೇಕು, ಆದರೂ ಕೂತು ಬರೆಯುತ್ತಿದ್ದೇನೆ.

ವಿಷಯ ನಿಮಗೆ ಗೊತ್ತು: ಹಳದಿ ಪಟ್ಟಿಯ ದಾರಿ. ನೀರಿನ ಟ್ಯಾಂಕಿನಿಂದ ಹಳೇ ಸೇತುವೆಯವರೆಗೆ ಹನ್ನೊಂದು ಕಿಲೋಮೀಟರು, ನಡೆಯುವವರಿಗೆ ದಾರಿ ತೋರಲು ಉದ್ದಕ್ಕೂ ಕಂಬ, ಗೋಡೆ, ಕಲ್ಲುಗಳ ಮೇಲೆ ಬಳಿದ ಗುರುತು, ಬಿಳಿ ಚೌಕದ ಮೇಲೆ ಹಳದಿ ಪಟ್ಟಿ. ಯಾರು ಬೇಕಾದರೂ ತಿದ್ದಬಹುದಾದ ಆ ಇಂಟರ್‌ನೆಟ್ ನಕ್ಷೆಗೆ ಅದನ್ನು ಹತ್ತಿಸಿದ್ದು ನಾವಿಬ್ಬರು. ಮುಂದೆ ನೀವು ಜಿಪಿಎಸ್ ಹಿಡಿದು, ಹಿಂದೆ ನಾನು ನೋಟ್‌ಬುಕ್ ಹಿಡಿದು. ಮೂರನೇ ಕಂಬ, ಗುರುತು ಮಾಸಿದೆ. ಗೇಟಿನ ಪಕ್ಕದ ಗೋಡೆ, ಬಾಣ ಬಲಕ್ಕೆ. ಮನೆಗೆ ಬಂದು ದಾರಿಯ ಹೆಸರು, ಪಟ್ಟಿಯ ಬಣ್ಣ, ನೋಡಿಕೊಳ್ಳುವ ಸಂಘ, ಎಲ್ಲಕ್ಕೂ ಟ್ಯಾಗ್ ಹಾಕುವಾಗ ನೀವು ಉತ್ತರಪತ್ರಿಕೆ ತಿದ್ದುವ ಹಾಗೆ ನನ್ನ ಕಾಗುಣಿತ ತಿದ್ದುತ್ತಿದ್ದಿರಿ. ಆ ಸಂಜೆಗಳು ನನಗೆ ತುಂಬಾ ಇಷ್ಟವಾಗಿದ್ದವು. ಈಗ ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ.

ಕಲ್ಲುಗಣಿಯ ಪಕ್ಕದ ಎಂಟುನೂರು ಮೀಟರು ಮಾತ್ರ ಮೂರು ವರ್ಷ ಖಾಲಿ ಉಳಿಯಿತು. ನೀವು ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಜಾಗ. ಅದಕ್ಕೆ ಕೈ ಹಾಕುವ ಮನಸ್ಸು ನನಗೆ ಬರಲಿಲ್ಲ. ಹೋದ ತಿಂಗಳು ನೋಡಿದರೆ ಖಾಲಿ ಜಾಗ ತುಂಬಿಬಿಟ್ಟಿದೆ! ಗೆರೆ ನೆಟ್ಟಗೆ ಗಣಿಯ ಅಂಚಿಗೇ ಹೋಗಿದೆ, ಜೊತೆಗೆ ನಿಮ್ಮ ಟಿಪ್ಪಣಿ: ನಡೆದು ನೋಡಿ ಹಾಕಿದ್ದು. ರೀ, ಮೆಟ್ಟಿಲಿಳಿದು ಹಾಲು ತರುವುದಕ್ಕೇ ನಿಮಗೆ ಕೋಲು ಬೇಕು. ಕುರ್ಚಿಯಲ್ಲಿ ಕೂತು ಉಪಗ್ರಹದ ಚಿತ್ರದ ಮೇಲೆ ಎಳೆದ ಗೆರೆ ಅದು. ಕಣ್ಣಾರೆ ಕಾಣದ್ದನ್ನು ನಕ್ಷೆಗೆ ಹಾಕಬಾರದೆಂದು ನನಗೆ ಪಾಠ ಹೇಳಿದವರೇ ನೀವು.

ನಾನು ಅಳಿಸಿದೆ, ನೀವು ಹಾಕಿದಿರಿ. ಮತ್ತೆ ಅಳಿಸಿದೆ, ಮತ್ತೆ ಹಾಕಿದಿರಿ. "ಫೋನಲ್ಲಿ ಒಂದು ಮಾತಾಡಲ್ಲ, ಮ್ಯಾಪಲ್ಲಿ ದಿನಾ ಜಗಳ ಆಡ್ತೀರಲ್ಲಮ್ಮ, ಪ್ರಪಂಚ ಎಲ್ಲ ಓದುತ್ತೆ" ಎಂದು ಮಗಳು ತಲೆ ತಲೆ ಚಚ್ಚಿಕೊಂಡಳು. ನಿಮ್ಮ ಕೊನೆಯ ಟಿಪ್ಪಣಿಯನ್ನು ನಾನೂ ಓದಿದೆ. ಅಲ್ಲಿ ಬಾಣದ ಗುರುತೇ ಇರಲಿಲ್ಲ, ಗುರುತಿಲ್ಲದ ಕಡೆ ನೇರ ಹೋಗಬೇಕೆಂಬುದೇ ಇಂಥ ದಾರಿಗಳ ನಿಯಮ, ಇದಕ್ಕೆ ನನ್ನ ಹೆಂಡತಿಯೇ ಸಾಕ್ಷಿ ಎಂದು ಬರೆದಿದ್ದೀರಿ. ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ಈ ಭಾನುವಾರ ನಡಿಗೆ ಸಂಘದ ಮೂವತ್ತು ಜನ ಆ ದಾರಿಯಲ್ಲಿ ಹೋಗುತ್ತಿದ್ದಾರೆ. ಔಷಧಿ ಅಂಗಡಿಯಾಕೆ ತನ್ನ ಮಗಳ ಜಾಕೆಟ್ಟಿಗೆ ಜಿಪ್ ಹಾಕಿಸಲು ಬಂದಾಗ ಹೇಳಿದಳು. ಆ ಹುಡುಗಿಗೆ ಏಳು ವರ್ಷ, ಅವಳೂ ಹೋಗುತ್ತಾಳಂತೆ. ದಾರಿ ಬಲ್ಲವರು ಯಾರಿದ್ದಾರೆ ಎಂದು ಕೇಳಿದೆ. "ಯಾರೂ ಇಲ್ಲಕ್ಕಾ, ಮೊಬೈಲಲ್ಲಿ ಗೆರೆ ಇದೆಯಲ್ಲ, ಅದನ್ನೇ ಹಿಡ್ಕೊಂಡು ಹೋಗೋದು" ಎಂದಳು. ಆ ಜಿಪ್ಪನ್ನು ತಲೆಕೆಳಗಾಗಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದೆ.

ನಿನ್ನೆ ಅಂಗಡಿಗೆ ಬೀಗ ಹಾಕಿ ಹೊರಟೆ. ನನ್ನ ಮೊಣಕಾಲು ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಿತ್ತು. ಗಣಿಗೆ ಮುಂಚೆ, ಪೊದೆಯ ಹಿಂದೆ ಒಂದು ಗಡಿಕಲ್ಲು ಇದೆ. ಅದರ ಮೇಲೆ ಮಂಡಿಯೆತ್ತರಕ್ಕೆ ಹಳದಿ ಬಾಣ, ಎಡಕ್ಕೆ. ಆ ಕಡೆ ಹೋದರೆ ತಂತಿ ಬೇಲಿಯ ಪಕ್ಕದಲ್ಲೇ ಗಣಿಯನ್ನು ಬಳಸಿಕೊಂಡು ದಾರಿ ಆರಾಮಾಗಿ ಇಳಿಯುತ್ತದೆ. ಇನ್ನೂ ಐದು ಗುರುತುಗಳಿವೆ. ಒಂದೊಂದನ್ನೂ ಮುಟ್ಟಿ ಬರೆದುಕೊಂಡೆ. ಸಂಜೆ ನಿಮ್ಮ ಗೆರೆ ಅಳಿಸಿ ನನ್ನದನ್ನು ಎಳೆದಿದ್ದೇನೆ. ಆರೂ ಗುರುತುಗಳಿಗೆ ಟ್ಯಾಗ್ ಹಾಕಿದ್ದೇನೆ, ಕಾಗುಣಿತವನ್ನು ಎರಡೆರಡು ಸಲ ನೋಡಿದ್ದೇನೆ.

ನೀವು ಏನನ್ನುತ್ತೀರೆಂದು ಗೊತ್ತು. ನಾನು ಬಿದ್ದ ಮೇಲೆ ಯಾರೋ ಬಳಿದ ಬಾಣ ಅದು ಎನ್ನುತ್ತೀರಿ, ನಾಳೆಯೇ ಮತ್ತೆ ಅಳಿಸುತ್ತೀರಿ. ನೀವು ಹತ್ತು ಸಲ ಅಳಿಸಿದರೆ ನಾನು ಹನ್ನೊಂದನೇ ಸಲ ಹಾಕುತ್ತೇನೆ. ಭಾನುವಾರ ಬೆಳಗ್ಗೆ ಅಲ್ಲೇ ಕಲ್ಲಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, ಮೂವತ್ತು ಜನರನ್ನೂ ಎಡಕ್ಕೆ ಕಳಿಸಿಯೇ ಎದ್ದು ಬರುತ್ತೇನೆ.

ಈ ಸಲ ಹಟ ಬಿಡದ,
ನಿಮ್ಮ ಟೈಲರಮ್ಮ

ತಾ. ಕ.: ಆ ಬಾಣ ಹೊಸದಲ್ಲ. ನೀವು ಬಿದ್ದ ದಿನವೇ ನಾನು ಅದನ್ನು ನೋಡಿದ್ದೆ. ಬೆಳಗ್ಗೆಯಿಂದ ನನ್ನ ಪ್ರತಿ ಮಾತಿಗೂ ನಿನಗೇನು ಗೊತ್ತು ಎನ್ನುತ್ತಿದ್ದಿರಿ. ಇಪ್ಪತ್ತು ಹೆಜ್ಜೆ ತಪ್ಪು ದಾರಿಯಲ್ಲಿ ಹೋಗಲಿ, ಆಮೇಲೆ ಕರೆಯೋಣ ಎಂದು ಸುಮ್ಮನಿದ್ದೆ. ಅಷ್ಟರೊಳಗೆ ಬಿದ್ದಿರಿ. ಆಸ್ಪತ್ರೆಯಲ್ಲಿ ಗುರುತು ಇರಲಿಲ್ಲ ಅಲ್ಲವಾ ಎಂದು ಕೇಳಿದಿರಿ, ಇಲ್ಲ ಎಂದುಬಿಟ್ಟೆ. ನಿಮ್ಮ ಬಾಯಿಗೆ ಹೆದರಿ ಮನೆ ಬಿಟ್ಟೆ ಎಂದು ಮಗಳಿಗೆ ಹೇಳಿದ್ದೂ ಸುಳ್ಳು. ನೀವು ಕೋಲೂರಿಕೊಂಡು ಓಡಾಡುವುದನ್ನು ದಿನಾ ನೋಡುವ ಧೈರ್ಯ ನನಗಿರಲಿಲ್ಲ. ಬಾಣವನ್ನು ಅವತ್ತೇ ನೋಡಿಯೂ ನಾನು ಹೇಳಲಿಲ್ಲ ಎಂಬುದನ್ನು ನಕ್ಷೆಯ ಟಿಪ್ಪಣಿಯಲ್ಲೂ ಬರೆದಿದ್ದೇನೆ, ಪ್ರಪಂಚ ಎಲ್ಲ ಓದಲಿ ಎಂದೇ. ನನ್ನನ್ನು ಏನು ಬೇಕಾದರೂ ಅನ್ನಿ, ಆ ಗೆರೆಯನ್ನು ಮಾತ್ರ ಮುಟ್ಟಬೇಡಿ.