ನೆಲ ಓದುವ ತಮ್ಮನಿಗೆ

ರಾಜಾನುಕುಂಟೆ
೧೩ ಜನವರಿ ೧೯೬೪, ಸೋಮವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಮಹನೀಯರೇ, ವೇದಿಕೆಯ ಮೇಲೆ ಕುರ್ಚಿ ಸಿಗದೆ ಮುನಿಸಿಕೊಂಡು ಹುಣಸೆಮರದ ಕೆಳಗೆ ನಿಂತಿರುವ ಉಳಿದ ಮಹನೀಯರೇ, ಮಿಠಾಯಿ ಹಂಚುವುದು ಯಾವಾಗ ಎಂಬ ಒಂದೇ ಚಿಂತೆಯಲ್ಲಿರುವ ಮುದ್ದು ಮಕ್ಕಳೇ! ಇಂದು ನಮ್ಮ ನಡುವೆ ಬಂದು ಕುಳಿತಿರುವ ಮುಖ್ಯ ಅತಿಥಿಗಳು ಯಾರು? ಬೇರೆ ಯಾರೂ ಅಲ್ಲ. ಇದೇ ಊರಿನ ಕೆರೆಯ ಏರಿಯ ಮೇಲೆ

ಅಂದು ಕಾಯ್ದರು ಕೋಣ,
ಇಂದು ಕಾಯುವರು ಠಾಣ!

(ಇಲ್ಲಿ ಚಪ್ಪಾಳೆ. ಯಾರೂ ತಟ್ಟದಿದ್ದರೆ ನಾನೇ ಶುರುಮಾಡುವವನಿದ್ದೇನೆ.)

ಪ್ರೀತಿಯ ಪಿಳ್ಳಪ್ಪನಿಗೆ ನಿನ್ನ ಅಣ್ಣಯ್ಯ ಚಿಕ್ಕಮಾರಯ್ಯ ಮಾಡುವ ಆಶೀರ್ವಾದಗಳು. ಗಾಬರಿಯಾಗಬೇಡ, ನನ್ನ ತಲೆ ನೆಟ್ಟಗಿದೆ. ಮೇಲಿನದು ಭಾಷಣದ ಅಭ್ಯಾಸ. ಮೊದಲು ನಿನ್ನ ಕ್ಷೇಮ ತಿಳಿಸು. ಚಿಂತಾಮಣಿಯ ನೀರು ಹಿಡಿಸಿತೆ? ಸೈಕಲ್ಲಿನಿಂದ ಬಿದ್ದು ಊದಿಸಿಕೊಂಡ ಮೊಣಕಾಲು ಈಗ ಹೇಗಿದೆ? ಬೆಚ್ಚಗಿನ ಹರಳೆಣ್ಣೆ ಹಚ್ಚು ಎಂದರೆ ನೀನು ಹಚ್ಚುವವನಲ್ಲ, ಆದ್ದರಿಂದ ಈ ಸಾಲನ್ನು ನಿನ್ನ ಹೆಂಡತಿ ಗಂಗರತ್ನಳಿಗೆ ಓದಿ ಹೇಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅವ್ವನಿಗೆ ಎಪ್ಪತ್ತಾಯಿತು. ಕಣ್ಣು ಮಂಜು, ಬಾಯಿ ಮಾತ್ರ ನಿರ್ಮಲ. ನಾಳೆ ಸಂಕ್ರಾಂತಿ, ಎತ್ತುಗಳ ಕೊಂಬಿಗೆ ಬಣ್ಣ ಬಳಿಯಲಿಲ್ಲವೆಂದು ಬೆಳಗಿನಿಂದ ನನ್ನ ಜನ್ಮ ಜಾಲಾಡುತ್ತಿದ್ದಾಳೆ. ಶಾಲೆಯ ಹೆಡ್ಮಾಸ್ತರನೊಬ್ಬ ಎತ್ತಿನ ಮುಂದೆ ಬಣ್ಣದ ಚಿಪ್ಪು ಹಿಡಿದು ನಿಂತರೆ ಎತ್ತಿಗೇ ಅವಮಾನ ಎಂದೆ. ಒಪ್ಪಲಿಲ್ಲ.

ವಿಷಯ ಇದು. ಇಪ್ಪತ್ತಾರನೇ ತಾರೀಖಿನ ಗಣರಾಜ್ಯೋತ್ಸವಕ್ಕೆ ಬಾವುಟ ಹಾರಿಸಿ ಶಾಲು ಹೊದಿಸಿಕೊಳ್ಳಲು ನಮ್ಮ ಶಾಲಾ ಸಮಿತಿ ನಿನ್ನನ್ನು ಕರೆದಿದೆ. "ಬರಲು ಪ್ರಯತ್ನಿಸುತ್ತೇನೆ" ಎಂದು ನೀನು ಉತ್ತರ ಬರೆದಿದ್ದೀಯೆ. ಪೊಲೀಸರ ಭಾಷೆಯಲ್ಲಿ ಅದಕ್ಕೆ ಬರುವುದಿಲ್ಲ ಎಂದೇ ಅರ್ಥವೆಂದು ನನಗೆ ಗೊತ್ತು, ಸಮಿತಿಗೆ ಗೊತ್ತಿಲ್ಲ. ಅವರು ಶಾಲು ತಂದಾಗಿದೆ. ನಿನ್ನ ಪರಿಚಯ ಮಾಡಿಕೊಡುವ ಕೆಲಸ ನನ್ನದು. ಸಮಿತಿಯ ಅಧ್ಯಕ್ಷರಾದ ದ್ರಾಕ್ಷಿತೋಟದ ಲಕ್ಕಣ್ಣನವರು ಮೊನ್ನೆ ಶಾಲೆಗೇ ಬಂದು ಕಿವಿಮಾತು ಹೇಳಿ ಹೋದರು: "ಮೇಷ್ಟ್ರೇ, ಆ ಬೆಳ್ಳಿ ಡಾಬಿನ ವಿಸ್ಯ ಬುಡ್ಬೇಡಿ. ಕದ್ದ ಉಡ್ಗ ಪೋಲೀಸಾದ ಅಂತ ಏಳಿ, ಐಕ್ಳಿಗೆ ನೀತಿ ಆಯ್ತದೆ. ನೀವು ಪ್ರಾಸ ಆಕಿ ಏಳುದ್ರಂತೂ ಇನ್ನೂ ಚೆಂದ." ಆಗಲಿ ಎಂದೆ. ಅಂದಿನಿಂದ ಐದು ಸಲ ಭಾಷಣ ಬರೆದೆ, ಐದು ಸಲ ಹರಿದೆ. ಪ್ರತಿ ಸಲವೂ ಲೇಖನಿ ಒಂದೇ ಜಾಗದಲ್ಲಿ ನಿಲ್ಲುತ್ತದೆ. ನಿನಗೇ ಬರೆದು ನೋಡಿದರೆ ಮುಂದಕ್ಕೆ ಹೋಗಬಹುದೇನೋ ಎಂದು ಕುಳಿತಿದ್ದೇನೆ.

ಶುರು ಸುಲಭ. ನಿನ್ನಪ್ಪ, ನಮ್ಮ ಚಿಕ್ಕಪ್ಪ, ಬಾವಿ ತೋಡುವಾಗ ಮಣ್ಣು ಕುಸಿದು ತೀರಿಹೋದಾಗ ನಿನಗೆ ನಾಲ್ಕು ವರ್ಷ. ಚಿಕ್ಕವ್ವನನ್ನು ಅವಳ ತವರಿನವರು ಕರೆದುಕೊಂಡು ಹೋಗಿ ಕೂಡಾವಳಿಯ ಮರುಮದುವೆ ಮಾಡಿ ಬೇರೆ ಮನೆಗೆ ಕಳಿಸಿದರು, ನಿನ್ನನ್ನು ನಮ್ಮ ಜಗಲಿಯ ಮೇಲೆ ಬಿಟ್ಟು ಹೋದರು. ನಮ್ಮ ಮನೆಯಲ್ಲಿ ನಿನಗೆ ಅನ್ನವಿತ್ತು, ತಟ್ಟೆ ಇರಲಿಲ್ಲ. ಯಾರದಾದರೂ ಊಟ ಮುಗಿದ ಮೇಲೆ ಆ ತಟ್ಟೆ ನಿನ್ನದು. ನಾನು ಬೆಂಗಳೂರಿಗೆ ಹೋಗಿ ಓದುತ್ತಿದ್ದೆ, ನೀನು ಏಳು ದನ, ಎರಡು ಕೋಣಗಳ ಹಿಂದೆ ತಿರುಗುತ್ತಿದ್ದೆ. ಆದರೆ ನನ್ನ ಓದಿಗಿಂತ ನಿನ್ನ ಓದು ದೊಡ್ಡದು. ಕೆರೆಯಂಗಳದ ಕೆಸರು ನೋಡಿ ಯಾರ ಹಸು ಯಾವ ಹೊತ್ತಿಗೆ ನೀರು ಕುಡಿಯಿತು, ಯಾವುದಕ್ಕೆ ಗೊರಸು ಸೀಳಿದೆ, ಯಾವುದು ಗಬ್ಬವಾಗಿದೆ ಎಂದು ಹೇಳುತ್ತಿದ್ದೆ. ಮನುಷ್ಯರನ್ನೂ ಬಿಡುತ್ತಿರಲಿಲ್ಲ. ನನ್ನ ಎಡಗಾಲಿನ ಎರಡನೇ ಬೆರಳು ಹೆಬ್ಬೆರಳಿನ ಮೇಲೆ ಹತ್ತಿ ಕುಳಿತಿರುವುದು ನಿನಗೆ ಗೊತ್ತಲ್ಲ, ಚಿಕ್ಕಂದಿನಲ್ಲಿ ಗಾಡಿಯ ಚಕ್ರ ಹಾದು ಆದದ್ದು. ನೀನು ಅದಕ್ಕೆ ಅಂಬಾರಿ ಎಂದು ಹೆಸರಿಟ್ಟಿದ್ದೆ. "ಅಣ್ಣಯ್ಯ ಒತ್ತಾರೇನೇ ಕೆರೆ ಕಡೀಕ್ ಓಗವ್ನೆ ಕಣವ್ವಾ, ಅಂಬಾರಿ ಓಗಿರೋ ಗುರ್ತದೆ" ಎಂದು ಅವ್ವನಿಗೆ ವರದಿ ಒಪ್ಪಿಸುತ್ತಿದ್ದೆ. ನಾನು ಮರೆಯಲ್ಲಿ ಬೀಡಿ ಸೇದಿ ಬಂದದ್ದು ಹೀಗೆಯೇ ಎರಡು ಸಲ ಹೊರಬಿತ್ತು. ಭಾಷಣಕ್ಕೆ ಈ ಜಾಗದಲ್ಲಿ ಒಂದು ಜೋಡಿ ಸಾಲು ಹೊಸೆದಿದ್ದೇನೆ: ಕಾಲಿಗಿಲ್ಲ ಜೋಡು, ಕಣ್ಣಿಗಿಲ್ಲ ಈಡು.

ಮುಂದಿನದೇ ಆ ಜಾಗ. ಊರಿಗೆಲ್ಲ ಗೊತ್ತಿರುವುದನ್ನೇ ಬರೆಯುತ್ತೇನೆ. ಮೂವತ್ತೊಂಬತ್ತನೇ ಇಸವಿ, ಬೇಸಿಗೆ ರಜೆ, ಒಂದು ಶುಕ್ರವಾರ. ನಿನಗೆ ಹನ್ನೊಂದು, ನನಗೆ ಇಪ್ಪತ್ತು. ಸಂಜೆ ಅವ್ವ ಒಳಕೋಣೆಯನ್ನು ಸಗಣಿಯಲ್ಲಿ ಸಾರಿಸಿ ನೀರಿಗೆ ಹೋದಳು. ತಿರುಗಿ ಬಂದಾಗ ನೀನು ಆ ಕೋಣೆಯಲ್ಲಿ ಮಂಡಿಯೂರಿ ಕುಳಿತು ಹಸಿ ನೆಲವನ್ನು ಅಂಗೈಯಿಂದ ಸವರುತ್ತಿದ್ದೆ. ಎರಡೂ ಕೈ ಮೊಣಕೈವರೆಗೆ ಸಗಣಿ. ಅವತ್ತು ಒಂದು ಬೈಗುಳದಲ್ಲಿ ಮುಗಿಯಿತು. ಮರುದಿನ ನೆಂಟರ ಮದುವೆಗೆ ಹೊರಡಲು ಪೆಟ್ಟಿಗೆ ತೆಗೆದರೆ ಅವ್ವನ ತವರಿನ ಬೆಳ್ಳಿ ಡಾಬು ಇಲ್ಲ. "ಒಳೀಕ್ ಯಾಕ್ಲಾ ಓಗಿದ್ದೆ? ನೆಲ ಯಾಕ್ಲಾ ಒರುಸ್ತಿದ್ದೆ?" ಎಂದು ಅಪ್ಪ ಕೇಳಿದರು. ನೀನು ಬಾಯಿ ಬಿಡಲಿಲ್ಲ. ಹುಣಸೆ ಬರಲು ಮುರಿಯಿತು, ಇನ್ನೊಂದು ತಂದರು, ಅದೂ ಮುರಿಯಿತು. ಹೊತ್ತು ಮುಳುಗುವುದರೊಳಗೆ ನೀನು ಊರಲ್ಲಿರಲಿಲ್ಲ. ಅದೇ ಬೇಸಿಗೆಯಲ್ಲಿ ನನ್ನ ನಲವತ್ತು ಪದ್ಯಗಳ ಪುಸ್ತಕವೂ ಅಚ್ಚಾಗಿ ಬಂತೆಂಬುದು ಊರಿಗೆ ನೆನಪಿಲ್ಲ. ಅಚ್ಚು ಹಾಕಿಸಲು ದುಡ್ಡು ಎಲ್ಲಿಂದ ತಂದೆ ಎಂದು ಯಾರೂ ಕೇಳಲಿಲ್ಲ. ನನ್ನ ಪದ್ಯಗಳನ್ನೇ ಯಾರೂ ಕೇಳಲಿಲ್ಲ. ಅರ್ಧ ಗೆದ್ದಲಿಗೆ, ಅರ್ಧ ಸಂತೆಯ ಕಡಲೆಕಾಯಿಗೆ.

ಆಮೇಲಿನದು ನೆನೆದರೆ ಮೈ ಜುಮ್ಮೆನ್ನುತ್ತದೆ. ದೊಡ್ಡಬಳ್ಳಾಪುರದ ರಸ್ತೆ ಹಿಡಿದು ಯಲಹಂಕ, ಅಲ್ಲಿಂದ ರೈಲು ಕಂಬಿ ಹಿಡಿದು ಯಶವಂತಪುರ, ಬೆನ್ನಿನ ಮೇಲೆ ಬಾಸುಂಡೆ ಹೊತ್ತು ಬರಿಗಾಲಲ್ಲಿ ನಡೆದವನಿಗೆ ಹನ್ನೊಂದು ವರ್ಷ! ಗೂಡ್ಸ್ ಶೆಡ್ಡಿನಲ್ಲಿ ಮಲಗಿದ್ದ ನಿನ್ನನ್ನು ಕಿವಿ ಹಿಡಿದು ಎಬ್ಬಿಸಿದವರು ಹೆಡ್ ಕಾನ್‌ಸ್ಟೇಬಲ್ ಅಕ್ಬರ್ ಪಾಷಾ. ಅಲ್ಲಿ ಮೂಟೆಗಳು ಕಾಣೆಯಾಗುತ್ತಿದ್ದ ಕಾಲ. "ನಾನಲ್ಲ ಸಾಮಿ, ಎಡಗಾಲು ಎಳ್ಕೊಂಡ್ ನಡಿಯೋನು, ಎಗಲ್ ಮೇಲೆ ಭಾರ ಒತ್ಕೊಂಡು ಆ ಬೇಲಿ ಸಂದೀಲಿ ಓಗವ್ನೆ" ಎಂದು ನೀನು ಧೂಳಿನಲ್ಲಿ ಬೆರಳಿಟ್ಟು ತೋರಿಸಿದೆಯಂತೆ. ಸಂಜೆಯೊಳಗೆ ಎಡಗಾಲು ಎಳೆಯುವವನು ಸಿಕ್ಕಿದ. ಪಾಷಾ ನಿನ್ನನ್ನು ಮನೆಗೆ ಕರೆದೊಯ್ದರು. ಅವರ ಹೆಂಡತಿ ಮೆಹಬೂಬ್ ಬೀ, "ನಿಮ್ ಜಾತಿಗೆ ಬೇಕಾದ್ರೆ ಬೇರೆ ಮಡಕೆ ಇಡ್ತೀನಿ ಬೇಟಾ" ಎಂದರೆ ನೀನು, "ಒಂದೇ ಸಾಕು ಕಣಮ್ಮ, ದೊಡ್ಡದಾಗಿರ್ಲಿ" ಎಂದೆಯಂತೆ. ಅವರು ಇಂದಿಗೂ ಇದನ್ನು ಹೇಳಿ ನಗುತ್ತಾರೆ, ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಸಿಗದ ತಟ್ಟೆ ಅಲ್ಲಿ ಸಿಕ್ಕಿತು, ಸ್ಲೇಟು ಸಿಕ್ಕಿತು, ಕನ್ನಡ ಶಾಲೆ ಸಿಕ್ಕಿತು. ನಲವತ್ತೆಂಟರಲ್ಲಿ ನೀನು ಕಾನ್‌ಸ್ಟೇಬಲ್ ಕೆಲಸಕ್ಕೆ ನಿಂತಾಗ ನಡತೆ ವಿಚಾರಿಸಲು ಒಬ್ಬ ಪೇದೆ ನಮ್ಮೂರಿಗೆ ಬಂದಿದ್ದ. ಅಪ್ಪ ಆಗಲೇ ತೀರಿಕೊಂಡಿದ್ದರು. ಪತ್ರ ನಾನೇ ಬರೆದುಕೊಟ್ಟೆ: "ಈತನ ನಡತೆ ನನ್ನ ನಡತೆಗಿಂತ ಉತ್ತಮ." ಮೇಷ್ಟ್ರು ಬಹಳ ವಿನಯವಂತರು ಎಂದು ಅವನು ನಕ್ಕ. ಕಾಗದದ ಮೇಲೆ ನಾನು ಅಷ್ಟು ನಿಜ ಹಿಂದೆಂದೂ ಬರೆದಿರಲಿಲ್ಲ.

ಆ ಬಳಿಕ ನೀನು ವರ್ಷಕ್ಕೊಮ್ಮೆ ಊರಿಗೆ ಬರಲು ಶುರುಮಾಡಿದೆ. ಬಂದರೆ ಜಗಲಿ, ಜಗಲಿಯ ಮೇಲೆ ಒಂದು ಚೊಂಬು ನೀರು, ಅಲ್ಲಿಂದಲೇ ವಾಪಸು. ಹೊಸಲು ದಾಟಿದ್ದಿಲ್ಲ. ಅವ್ವ ಗೊಣಗುತ್ತಾಳೆ: "ಅವ್ನು ಕದ್ದ, ನಾವು ಬಡುದ್ವಿ, ಆಗೋಯ್ತು. ಒಳೀಕ್ ಬಂದು ಒಂದ್ ಮುದ್ದೆ ಉಂಡ್ರೆ ಅವ್ನ ಟೋಪಿ ಬಿದ್ದೋದದಾ?" ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಓದುವಾಗಲೂ ಆ ಜಗಲಿಯ ಮೇಲೆಯೇ ಕುಳಿತು, "ಅಣ್ಣಯ್ಯ, ಈ ಕಾನೂನಿನ ಕಲಮುಗಳು ತಲೆಗೆ ಹತ್ತಲ್ಲ, ಪದ್ಯ ಮಾಡ್ಕೊಡು" ಎಂದೆ. ನನ್ನ ಪದ್ಯ ಬೇಕೆಂದು ಕೇಳಿದ ಮೊದಲ ಮನುಷ್ಯ ನೀನು. ಅಂದೇ ಹೊಸೆದೆ:

ಮುನ್ನೂರ ಎಪ್ಪತ್ತೊಂಬತ್ತು, ಕಳ್ಳನ ಕೈಗೆ ಕುತ್ತು;
ಮುನ್ನೂರ ಎಂಬತ್ತು, ಮನೆಯೊಳಗಿನ ಸೊತ್ತು.

ನೀನು ಎರಡು ಸಲ ಹೇಳಿಕೊಂಡು ಬಾಯಿಪಾಠ ಮಾಡಿದೆ. ಆಮೇಲೆ ಮೆಲ್ಲಗೆ, "ಮನೆಯೋರೇ ತಗೊಂಡ್ರೆ ಯಾವ ಕಲಮು ಅಣ್ಣಯ್ಯ?" ಎಂದು ಕೇಳಿದೆ. ಪ್ರಾಸ ಸಿಕ್ಕಿದರೆ ಹೇಳುತ್ತೇನೆ ಎಂದೆ. ಇನ್ನೂ ಹುಡುಕುತ್ತಿದ್ದೇನೆ.

ಈಗ ಹೋದ ಅಕ್ಟೋಬರಿನದು. ನೀನು ಎರಡು ತಿಂಗಳ ಮಟ್ಟಿಗೆ ಯಲಹಂಕ ಠಾಣೆಗೆ ಬಂದಿದ್ದೆ, ನಮ್ಮ ಶಾಲೆಯ ಗೋಡೆ ಗಡಿಯಾರ ಕಳುವಾಯಿತು. ಬೀಗದ ಕೈ ಇದ್ದದ್ದು ಶಾಲೆ ಗುಡಿಸಿ ಸಾರಿಸುವ ಸೊಣ್ಣಮ್ಮನ ಹತ್ತಿರ. ಊರೆಲ್ಲ ಅವಳ ಮೇಲೆ ಬಿತ್ತು. "ನಾನ್ಯಾಕೆ ಗಡಿಯಾರ ತಕಂಡೋಗ್ಲಿ ಸಿವ್ನೇ, ನಂಗೆ ಟೇಮು ನೋಡಾಕೇ ಬರಾಕಿಲ್ವಲ್ಲಾ" ಎಂದು ಅವಳು ಎದೆ ಬಡಿದುಕೊಂಡಳು. ನಾನು ಕೂಡ, ಸುಳ್ಳೇಕೆ ಹೇಳಲಿ, ಅವಳ ಕೈಯನ್ನೇ ನೋಡುತ್ತಿದ್ದೆ. ನೀನು ಬಂದೆ. ಜೀಪಿನಿಂದಿಳಿದು ಯಾರನ್ನೂ ಮಾತನಾಡಿಸಲಿಲ್ಲ. ಬೂಟು ಕಳಚಿಟ್ಟು, ಸೊಣ್ಣಮ್ಮ ಶನಿವಾರ ಸಾರಿಸಿದ್ದ ನೆಲದ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಕೆನ್ನೆ ನೆಲಕ್ಕೆ ತಾಗಿಸಿ ಓರೆಗಣ್ಣಿನಲ್ಲಿ ನೋಡಿದೆ. ಎಷ್ಟು ಹೊತ್ತು! ಏರಿಯ ಮೇಲಿನ ಆ ಹುಡುಗನೇ ಖಾಕಿ ಹಾಕಿಕೊಂಡು ಮಲಗಿದ್ದಾನೆ ಅನ್ನಿಸಿತು. ನೀನು ಎದ್ದು ಹೇಳಿದೆ: "ಈ ಯಮ್ಮನ್ನ ಮನೆಗೆ ಕಳ್ಸಿ. ಬರಿಗಾಲಲ್ಲಿ ನಡೆದೋರ ಬೆರಳು ಬಿರಿದಿರ್ತವೆ. ಇದು ದಿನಾ ಬೂಟಿನೊಳಗಿರೋ ಕಾಲು, ಬೆರಳೆಲ್ಲ ಒತ್ತರಿಸಿಕೊಂಡವೆ. ಹೋಗುವಾಗ ಬಲಗಾಲು ಜಾಸ್ತಿ ಊರಿದೆ, ಭಾರ ಆ ಕಡೆ ಇತ್ತು." ಆ ಬೂಟಿನ ಕಾಲು ಜಾಲಹಳ್ಳಿಯಲ್ಲಿ ಸಿಕ್ಕಿತು. ಲಕ್ಕಣ್ಣನವರ ಸ್ವಂತ ಅಕ್ಕನ ಮಗ. ಈ ಪ್ರಸಂಗ ಭಾಷಣದಲ್ಲಿ ಬರಕೂಡದಂತೆ. ಇದರಲ್ಲಿ ನೀತಿ ಇಲ್ಲವಂತೆ.

ಅವತ್ತು ಸೊಣ್ಣಮ್ಮ ನಿನ್ನ ಕಾಲಿಗೆ ಬೀಳಲು ಬಂದಳು. ನೀನು ಹಿಂದೆ ಸರಿದು, "ನನ್ನ ಕಾಲಿಗೆ ಬೀಳ್ಬೇಡಿ ಕಣಮ್ಮ, ನೆಲ ಸಾರ್ಸಿದ್ರಲ್ಲ, ಅದೇ ನಿಮ್ಮನ್ನ ಕಾಪಾಡ್ತು" ಎಂದೆ. ಎಲ್ಲರೂ ಕೊಂಡಾಡಿದರು. ನನಗೆ ಮಾತ್ರ ಅದಕ್ಕೂ ಮುಂಚಿನ ಒಂದು ಗಳಿಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ತಾಳೆ ನೋಡಲು ಶಾಲೆಯವರೆಲ್ಲರ ಹೆಜ್ಜೆ ಬೇಕೆಂದು ನೀನು ಬೂದಿ ಹರಡಿಸಿದ್ದೆ. ಒಬ್ಬೊಬ್ಬ ಮೇಷ್ಟ್ರೂ ತುಳಿದು ಹೋದರು. ನನ್ನ ಸರದಿ ಬಂತು, ನಾನು ಚಪ್ಪಲಿ ಬಿಟ್ಟೆ. ಆಗ ನೀನು ತಲೆ ಎತ್ತದೆ ಪೇದೆಗೆ ಹೇಳಿದೆ: "ಸಾರ್‌ದು ಬೇಡ ಕಣ್ರೀ. ಅವರ ಕಾಲು ನನಗೆ ಗೊತ್ತು." ಅಣ್ಣನ ಮೇಲೆ ಎಷ್ಟು ಮರ್ಯಾದೆ ಎಂದು ಮೇಷ್ಟ್ರುಗಳು ತಲೆದೂಗಿದರು.

ಪಿಳ್ಳಪ್ಪ, ನಾನು ಪುಸ್ತಕದಲ್ಲಿ ದೊಡ್ಡ ಮನುಷ್ಯರನ್ನು ಬೇಕಾದಷ್ಟು ಓದಿದ್ದೇನೆ, ಮಕ್ಕಳಿಗೆ ಕಂಠಪಾಠ ಮಾಡಿಸಿದ್ದೇನೆ. ಎದುರಿಗೆ ಕಂಡದ್ದು ಒಬ್ಬನನ್ನೇ, ಅವನು ಸಗಣಿ ನೆಲದ ಮೇಲೆ ಮಲಗಿದ್ದ. ಏಟು ತಿಂದವನು ಪೊಲೀಸಾದರೆ ಏಟು ಕೊಡುವುದನ್ನು ಕಲಿಯುತ್ತಾನೆ ಎಂದು ನಾನು ತಿಳಿದಿದ್ದೆ. ನೀನು ಹದಿನಾರು ವರ್ಷ ಕೆಲಸ ಮಾಡಿ ಕಲಿತದ್ದು, ಜನರನ್ನು ಹೊಡೆಯುವ ಮೊದಲು ನೆಲವನ್ನು ಕೇಳುವುದು. ಇದಕ್ಕೆ ಪ್ರಾಸ ಹಾಕಲು ನನ್ನ ಕೈ ಬರಲಿಲ್ಲ.

ಗಂಗರತ್ನಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ಅವ್ವ ನಾಳೆ ಬೀರಲೆಂದು ಹುರಿದಿಟ್ಟ ಎಳ್ಳನ್ನು ಒಂದು ಚಿಟಿಕೆ ಲಕೋಟೆಯಲ್ಲಿ ಹಾಕಿದ್ದೇನೆ. ದಾರಿಯಲ್ಲಿ ಅಂಚೆಯವರು ತಿನ್ನದಿದ್ದರೆ ನೀನು ತಿನ್ನು.

ಎಂದಿಗೂ ನಿನ್ನ,
ಅಣ್ಣಯ್ಯ
ಚಿಕ್ಕಮಾರಯ್ಯ

ಮರೆಯುವ ಮುನ್ನ: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಓಡುತ್ತಾ ಬರೆಯುತ್ತಿದ್ದೇನೆ. ಡಾಬು ತೆಗೆದವನು ನಾನು. ಪುಸ್ತಕ ಅಚ್ಚಾದದ್ದು ಅದರಿಂದಲೇ. ಅಣ್ಣಯ್ಯ ಹಸಿ ನೆಲ ತುಳಿದು ಬೈಸಿಕೊಳ್ಳುತ್ತಾನೆಂದು ನೀನು ಸವರಿ ಅಳಿಸಿದ್ದು ನನ್ನ ಹೆಜ್ಜೆಯನ್ನು. ಇಪ್ಪತ್ತಾರರಂದು ನೀನು ಬಂದರೂ ಬಾರದಿದ್ದರೂ ಇದನ್ನೇ ಓದುತ್ತೇನೆ, ಲಕ್ಕಣ್ಣನವರು ಬಯಸಿದ ಕಳ್ಳ ವೇದಿಕೆಯ ಮೇಲೇ ಇರುತ್ತಾನೆ. ಇವತ್ತು ಬೆಳಿಗ್ಗೆ ಅವ್ವನಿಗೆ ಹೇಳಿದೆ. ಅವಳು ಎದ್ದು ಹೋಗಿ ಒಳಕೋಣೆ ಸಾರಿಸಿದಳು. ಪಿಳ್ಳ ಬಂದು ಕಾಲಿಡುವವರೆಗೆ ಯಾರೂ ತುಳಿಯಕೂಡದಂತೆ. ಎತ್ತಿನ ಕೊಂಬಿನ ಬೈಗುಳ ಶುರುವಾದದ್ದು ಆಮೇಲೆ.

ಒಂದನ್ನು ಅವಳಿಗೂ ಹೇಳಲಾಗಲಿಲ್ಲ. ಅಪ್ಪ ಹುಣಸೆ ಬರಲು ಎತ್ತಿದಾಗ ನೀನು ಒಂದೇ ಒಂದು ಸಲ ನನ್ನ ಕಾಲಿನ ಕಡೆ ನೋಡಿದೆ. ನಾನು ಕಂಡೆ. ಎತ್ತಿ ಕಟ್ಟಿದ್ದ ಪಂಚೆಯನ್ನು ಬಿಚ್ಚಿ ಬೆರಳು ಮುಚ್ಚುವಷ್ಟು ಕೆಳಗೆ ಬಿಟ್ಟೆ.